ಆಡಿದ ಚೆಸ್ ಗೇಮಲ್ಲಿ ಆದ ತಪ್ಪಿಂದ ಕಲಿಯೋದು ಹೇಗೆ

ಗೇಮ್ ಸೋತ ತಕ್ಷಣ ಹೆಚ್ಚಿನವರು ಏನ್ ಮಾಡ್ತಾರೆ ಅಂದ್ರೆ, ಅನಾಲಿಸಿಸ್ ಬಟನ್ ಒತ್ತಿ, ಕೆಂಪು ಬಣ್ಣದಲ್ಲಿ ಬ್ಲಂಡರ್ (ದೊಡ್ಡ ತಪ್ಪು) ಅಂತ ಬಂದಿದ್ದನ್ನ ನೋಡಿ, "ಓ ಇಲ್ಲಿ ಕುದುರೆ ಹೋಯ್ತು" ಅಂದ್ಕೊಂಡು ಮುಂದಿನ ಗೇಮ್ ಶುರು ಮಾಡ್ತಾರೆ. ಒಟ್ಟು ಎರಡು ನಿಮಿಷದ ಕೆಲ್ಸ, ಕಲಿತಿದ್ದು ಸೊನ್ನೆ. ಯಾಕಂದ್ರೆ ಎಂಜಿನ್‌ಗೆ (ನಡೆಗಳನ್ನ ಲೆಕ್ಕ ಹಾಕೋ ಚೆಸ್ ಪ್ರೋಗ್ರಾಂಗೆ) ನಿಮ್ಮ ನಡೆ ಕಾಣ್ಸತ್ತೆ, ಆ ನಡೆ ಆಡೋಕೆ ಮುಂಚೆ ನಿಮ್ಮ ತಲೇಲಿ ಏನಿತ್ತು ಅನ್ನೋದು ಕಾಣ್ಸಲ್ಲ. ಇವತ್ತಿನ ಪೊಸಿಷನ್ ಹಾಗೇ ಮತ್ತೆ ಬರೋ ಚಾನ್ಸ್ ತುಂಬ ಕಮ್ಮಿ, ಆದ್ರೆ ಇವತ್ತು ಯೋಚಿಸಿದ ರೀತಿ ನಾಳೆ ಗೇಮಲ್ಲೂ ಬರತ್ತೆ, ನಾಡಿದ್ದೂ ಬರತ್ತೆ. ಹಾಗಾಗಿ ಹುಡುಕಬೇಕಾಗಿರೋದು ಆ ಯೋಚನೆಯನ್ನ. ಇದನ್ನ ಹೇಗೆ ಮಾಡೋದು ಅಂತ ಸ್ವಲ್ಪ ವಿವರವಾಗಿ ಬರೀತೀನಿ, ಹೊಸದಾಗಿ ಆಡೋವ್ರಿಗೂ ಆಗತ್ತೆ, ವರ್ಷಗಳಿಂದ ಆಡಿ ರೇಟಿಂಗ್ ಒಂದೇ ಕಡೆ ನಿಂತಿರೋವ್ರಿಗಂತೂ ಖಂಡಿತ ಆಗತ್ತೆ.

ಮೊದ್ಲು ಯಾವ ಗೇಮ್ ಆರಿಸ್ಕೋಬೇಕು ಅನ್ನೋದು. ಮೂರು ನಿಮಿಷದ ಬ್ಲಿಟ್ಜ್ ಗೇಮ್ ಹಿಡ್ಕೊಂಡು ಕೂತ್ರೆ ಸಿಗೋದು ಕಮ್ಮಿ, ಅದ್ರಲ್ಲಿ ನೀವು ಯೋಚನೆನೇ ಮಾಡಿರಲ್ಲ, ಕೈ ಆಡಿರತ್ತೆ ಅಷ್ಟೇ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಪ್ಲಸ್ ನಡೆಗೆ ಹತ್ತು ಸೆಕೆಂಡು, ಅಥವಾ ಅದಕ್ಕಿಂತ ನಿಧಾನದ ಗೇಮ್ ಆದ್ರೆ ಒಳ್ಳೇದು. ಅದ್ರಲ್ಲೂ ಎದುರಿನವರು ನಿಮ್ಮ ಲೆವೆಲ್ ಅಥವಾ ಸ್ವಲ್ಪ ಮೇಲಿನವರಾಗಿದ್ದು, ಗೇಮ್ ಕೊನೇವರೆಗೂ ಎಳೆದಾಡಿದ್ದಾದ್ರೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ. ವಾರಕ್ಕೆ ಅಂಥದ್ದು ಒಂದು ಸಾಕು. ಇಪ್ಪತ್ತು ಗೇಮನ್ನ ಮೇಲೆ ಮೇಲೆ ನೋಡೋದಕ್ಕಿಂತ ಒಂದನ್ನ ಆಳಕ್ಕಿಳಿದು ನೋಡೋದು ಎಷ್ಟೋ ವಾಸಿ.

ಈಗ ಮುಖ್ಯವಾದ ಭಾಗ. ಗೇಮ್ ಮುಗಿದ ಕೂಡ್ಲೇ, ಎಂಜಿನ್ ಆನ್ ಮಾಡೋಕೆ ಮುಂಚೆ, ಒಂದು ನೋಟ್‌ಬುಕ್ಕೋ ಫೋನಲ್ಲಿ ನೋಟ್ಸ್ ಆ್ಯಪ್ಪೋ ತಗೊಂಡು ನಿಮ್ಮ ನೆನಪನ್ನ ಬರ್ದಿಡಿ. ಎಲ್ಲಾ ನಡೆಗೂ ಬೇಡ, ನಿಂತು ಯೋಚಿಸಿದ ಜಾಗಗಳಿಗೆ ಸಾಕು. ಇಲ್ಲಿ ನನ್ನ ಪ್ಲ್ಯಾನ್ ಏನಿತ್ತು, ಎದುರಿನವರು ಏನ್ ಆಡ್ತಾರೆ ಅಂದ್ಕೊಂಡಿದ್ದೆ, ಯಾವ ನಡೆ ನೋಡಿ ಭಯ ಆಯ್ತು, ಬೇರೆ ಯಾವ ನಡೆ ಮನಸ್ಸಲ್ಲಿತ್ತು, ಅದನ್ನ ಯಾಕೆ ಬಿಟ್ಟೆ. ಭಾಷೆ ಹೇಗಿದ್ರೂ ನಡೆಯತ್ತೆ, "ರೂಕ್ ಬಂದ್ರೆ ಕಷ್ಟ ಅಂತ ಪಾನ್ ತಳ್ಳಿದೆ" ಅಂತ ಬರೆದ್ರೂ ಸರಿ, ಆದ್ರೆ ಸುಳ್ಳು ಬರೀಬಾರ್ದು. ಎಂಜಿನ್ ನೋಡಿದ್ಮೇಲೆ ಬರೆಯೋಕೆ ಕೂತ್ರೆ ಮನಸ್ಸು ತಾನಾಗೇ ಕಥೆ ತಿದ್ದತ್ತೆ, "ಅದು ನನಗೂ ಕಾಣ್ಸಿತ್ತು" ಅನ್ಸೋಕೆ ಶುರುವಾಗತ್ತೆ. ಅದಕ್ಕೇ ಮೊದ್ಲು ಬರೀಬೇಕು ಅಂತ ಇಷ್ಟು ಒತ್ತಿ ಹೇಳ್ತಿರೋದು. ಸೋತ ಸಿಟ್ಟಲ್ಲಿ ಪೂರ್ತಿ ಅನಾಲಿಸಿಸ್ ಮಾಡೋಕೆ ಆಗಲ್ಲ, ಪರ್ವಾಗಿಲ್ಲ, ಈ ನಾಲ್ಕು ಸಾಲು ಬರ್ದಿಟ್ಟು ಎದ್ದು ಹೋಗಿ, ಉಳಿದದ್ದು ನಾಳೆ.

ಟೈಮ್ ಎಷ್ಟು ಹೋಯ್ತು ಅನ್ನೋದೂ ಬೇಕು. ಆನ್‌ಲೈನಲ್ಲಿ ಪ್ರತಿ ನಡೆಗೆ ಎಷ್ಟು ಸೆಕೆಂಡು ಅಂತ ಅದೇ ತೋರ್ಸತ್ತೆ. ಟೂರ್ನಮೆಂಟಲ್ಲಿ ಬೋರ್ಡ್ ಮುಂದೆ ಕೂತು ಆಡೋವಾಗ ಸ್ಕೋರ್‌ಶೀಟಲ್ಲಿ ನಡೆ ಪಕ್ಕ ಉಳಿದ ಟೈಮ್ ಬರ್ಕೋಬಹುದು, ಫಿಡೆ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮ ಅದಕ್ಕೆ ಒಪ್ಪತ್ತೆ. (ಯೋಚನೆಗಳನ್ನ ಬರ್ಕೊಳ್ಳೋ ಹಾಗಿಲ್ಲ, ನಡೆಯನ್ನ ಆಡೋಕೆ ಮುಂಚೆ ಬರೆಯೋ ಹಾಗೂ ಇಲ್ಲ, ನೆನಪಿರ್ಲಿ.) ದೊಡ್ಡ ತಪ್ಪು ಆದ ನಡೆಗೆ ನಾಲ್ಕು ಸೆಕೆಂಡು ಕೊಟ್ಟಿದ್ರೆ ಅದು ಒಂದು ಕಥೆ, ಆರು ನಿಮಿಷ ಕೊಟ್ಟಿದ್ರೆ ಪೂರ್ತಿ ಬೇರೆ ಕಥೆ.

ಒಂದು ಉದಾಹರಣೆ ತಗೋಳೋಣ, ಬೋರ್ಡ್ ಮುಂದೆ ಇಟ್ಕೊಂಡು ಓದಿ. ಬಿಳಿ ಕಿಂಗ್ ಪಾನನ್ನ ಇ4ಗೆ ಆಡತ್ತೆ, ಕಪ್ಪು ಇ5. ಬಿಳಿ ಕುದುರೆ ಎಫ್3, ಕಪ್ಪು ಪಾನ್ ಡಿ6. ಬಿಳಿ ಬಿಷಪ್ ಸಿ4, ಕಪ್ಪು ಬಿಷಪ್ ಜಿ4ಗೆ ಬಂದು ಕುದುರೆಯನ್ನ ಕ್ವೀನ್‌ಗೆ ಪಿನ್ ಮಾಡತ್ತೆ, ಅಂದ್ರೆ ಕುದುರೆ ಸರಿದ್ರೆ ಹಿಂದಿರೋ ಕ್ವೀನ್ ಬಿಷಪ್‌ಗೆ ಸಿಗತ್ತೆ. ಬಿಳಿ ಇನ್ನೊಂದು ಕುದುರೆ ಸಿ3, ಕಪ್ಪು ಸುಮ್ನೆ ಪಾನ್ ಜಿ6. ಈಗ ಬಿಳಿ ಆ ಪಿನ್ ಆದ ಕುದುರೆಯಲ್ಲೇ ಇ5 ಪಾನ್ ಹೊಡೆಯತ್ತೆ! ಕಪ್ಪು ಖುಷಿಯಿಂದ ಬಿಷಪ್‌ನಲ್ಲಿ ಡಿ1 ಕ್ವೀನ್ ಹೊಡೆದ್ರೆ, ಬಿಳಿ ಬಿಷಪ್ ಎಫ್7ರಲ್ಲಿ ಹೊಡೆದು ಚೆಕ್, ರಾಜನಿಗೆ ಇರೋದು ಇ7 ಒಂದೇ ಮನೆ, ಆಮೇಲೆ ಕುದುರೆ ಡಿ5, ಚೆಕ್‌ಮೇಟ್. ಇದು ಲೆಗಾಲ್ ಟ್ರ್ಯಾಪ್, ಹಳೇ ಟ್ರ್ಯಾಪ್, ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರನ ಹೆಸ್ರು ಅದಕ್ಕೆ.

ಎಂಜಿನ್ ಹಾಕಿದ್ರೆ ಏನ್ ಹೇಳತ್ತೆ? ಕ್ವೀನ್ ಹೊಡೆದಿದ್ದು ಬ್ಲಂಡರ್, ಅದ್ರ ಬದ್ಲು ಡಿ ಪಾನಲ್ಲಿ ಕುದುರೆ ಹೊಡೀಬೇಕಿತ್ತು, ಬಿಳಿ ಕ್ವೀನ್ ಜಿ4 ಬಿಷಪ್ ಹೊಡ್ಕೊಳ್ಳತ್ತೆ, ಒಂದು ಪಾನ್ ಲಾಸ್, ಗೇಮ್ ಮುಂದುವರೆಯತ್ತೆ ಅನ್ನತ್ತೆ. ನಿಜಾನೇ. ಆದ್ರೆ "ಕ್ವೀನ್ ಹೊಡೀಬಾರ್ದು" ಅಂತ ಕಲಿತ್ರೆ ಅದು ಪಾಠನೇ ಅಲ್ಲ, ಮುಂದಿನ ಹತ್ತು ಗೇಮಲ್ಲಿ ಫ್ರೀ ಇರೋ ಕ್ವೀನ್ ಹೊಡೀಲೇಬೇಕಾಗತ್ತೆ. ಇಲ್ಲಿ ಯೋಚನೆ ಎರಡು ಕಡೆ ಎಡವಿದೆ. ಒಂದು, ಜಿ6 ಆಡೋವಾಗ "ಕುದುರೆ ಪಿನ್ ಆಗಿದೆ, ಅದು ಅಲ್ಲಾಡಲ್ಲ" ಅಂತ ನಂಬಿದ್ದು. ರಾಜನಿಗೆ ಪಿನ್ ಆದ್ರೆ ಅಲ್ಲಾಡೋ ಹಾಗೇ ಇಲ್ಲ, ಕ್ವೀನ್‌ಗೆ ಪಿನ್ ಆದ್ರೆ ಅಲ್ಲಾಡಬಹುದು, ಬೆಲೆ ತೆರಬೇಕು ಅಷ್ಟೇ. ಇನ್ನೊಂದು, ಎದುರಿನವರು ಕ್ವೀನ್ ಬಿಟ್ಟಾಗ "ಅವ್ರು ನೋಡಿಲ್ಲ" ಅಂದ್ಕೊಂಡು, ಹೊಡೆದ ಮೇಲೆ ನನ್ನ ರಾಜನಿಗೆ ಯಾವ್ಯಾವ ಚೆಕ್ ಬರತ್ತೆ ಅಂತ ಎಣಿಸದೇ ಇದ್ದಿದ್ದು. ಈ ಎರಡರಲ್ಲಿ ನಿಮ್ಮದು ಯಾವುದು ಅಂತ ನಿಮ್ಮ ನೋಟ್ಸ್ ಮಾತ್ರ ಹೇಳೋಕೆ ಸಾಧ್ಯ.

ಇನ್ನೂ ಒಂದು ಹೆಜ್ಜೆ ಹೋಗಿ. ಜಿ6 ಬದ್ಲು ಕಪ್ಪು ಕುದುರೆಯನ್ನ ಸಿ6ಗೆ ತಂದಿದ್ರೆ? ಆಗ ಬಿಳಿ ಅದೇ ಟ್ರಿಕ್ ಮಾಡಿದ್ರೆ, ಕಪ್ಪು ಸಿ6 ಕುದುರೆಯಲ್ಲಿ ಇ5ನಲ್ಲಿರೋ ಕುದುರೆಯನ್ನ ಹೊಡೆಯತ್ತೆ, ಆ ಕುದುರೆನೇ ಜಿ4 ಬಿಷಪ್‌ಗೂ ಸಪೋರ್ಟ್ ಆಗತ್ತೆ, ಬಿಳಿಗೆ ಒಂದು ಕಾಯಿ ಹೋಯ್ತು. ಒಂದೇ ಒಂದು ಕಾಯಿ ಬೇರೆ ಕಡೆ ಇದ್ದಿದ್ದಕ್ಕೆ ಟ್ರ್ಯಾಪ್ ಹಾಕೋಕೆ ಹೋದವರೇ ಸಿಕ್ಕಿಬೀಳ್ತಾರೆ. ಹೀಗೆ "ಇದು ಇಲ್ಲಿಲ್ಲದೆ ಅಲ್ಲಿದ್ದಿದ್ರೆ ಏನಾಗ್ತಿತ್ತು" ಅಂತ ಕೈಯಾರೆ ಕಾಯಿ ಸರಿಸಿ ನೋಡೋ ಅಭ್ಯಾಸ ನನ್ನ ಪ್ರಕಾರ ಇಡೀ ಅನಾಲಿಸಿಸಲ್ಲಿ ಅತ್ಯಂತ ಹೆಚ್ಚು ಕಲಿಸೋದು, ಯಾಕಂದ್ರೆ ಆಗ ನೀವು ಟ್ರ್ಯಾಪನ್ನ ಬಾಯಿಪಾಠ ಮಾಡ್ತಿಲ್ಲ, ಅದು ಯಾಕೆ ಕೆಲ್ಸ ಮಾಡತ್ತೆ ಅಂತ ತಿಳ್ಕೊಳ್ತಿದ್ದೀರ.

ನೋಟ್ಸ್ ಬರ್ದಾಯ್ತು, ಈಗ್ಲೂ ಎಂಜಿನ್ ಬೇಡ, ಒಂದ್ಸಲ ನೀವೇ ಹುಡುಕಿ. ಗೇಮಿನ ಕೊನೆಯಿಂದ ಹಿಂದಕ್ಕೆ ಬನ್ನಿ. ಸೋಲು ಖಚಿತ ಆಗಿದ್ದ ಪೊಸಿಷನ್‌ನಿಂದ ಒಂದೊಂದೇ ನಡೆ ಹಿಂದೆ ಹೋಗ್ತಾ "ಇಲ್ಲಿ ನಾನು ಇನ್ನೂ ಚೆನ್ನಾಗಿದ್ದೆನಾ" ಅಂತ ಕೇಳಿ. "ಹೌದು, ಇಲ್ಲಿ ಸರಿ ಇತ್ತು" ಅನ್ಸೋ ಮೊದಲ ಜಾಗ ಸಿಕ್ಕಾಗ ನಿಲ್ಲಿ. ಅಲ್ಲಿಂದ ಬೇರೆ ನಡೆ ನೀವೇ ಯೋಚಿಸಿ, ಬರ್ದಿಡಿ. ಎಂಜಿನ್ ಆಮೇಲೆ ಆ ಜಾಗ ತಪ್ಪು, ಅದಕ್ಕಿಂತ ಆರು ನಡೆ ಮುಂಚೆನೇ ಗೇಮ್ ಕೆಟ್ಟಿತ್ತು ಅಂತ ಹೇಳಬಹುದು, ಹೇಳಿದ್ರೆ ತುಂಬ ಒಳ್ಳೇದು, ನಿಮಗೆ ಅಪಾಯ ಯಾವಾಗ ವಾಸನೆ ಬರತ್ತೆ ಅನ್ನೋದು ಗೊತ್ತಾಯ್ತು. ಎಷ್ಟೋ ಸಲ ಕಾಯಿ ಹೋದ ನಡೆಗಿಂತ ಮುಂಚೆನೇ ರಾಜನ ಮುಂದಿನ ಪಾನ್ ತಳ್ಳಿಯೋ, ಎಲ್ಲಾ ಕಾಯಿ ಒಂದೇ ಕಡೆ ಕಳ್ಸಿಯೋ ಕೆಲ್ಸ ಕೆಟ್ಟಿರತ್ತೆ, ಆಮೇಲಿನ ಬ್ಲಂಡರ್ ಅದ್ರ ಫಲ.

ನಿಮ್ಮ ತಪ್ಪಿನ ಜೊತೆಗೆ ಎದುರಿನವರ ತಪ್ಪನ್ನ ನೀವು ನೋಡದೇ ಬಿಟ್ಟ ಜಾಗಗಳನ್ನೂ ಹುಡುಕಿ, ಇದನ್ನ ಜನ ಲೆಕ್ಕಕ್ಕೇ ತಗೊಳಲ್ಲ. 2014ರಲ್ಲಿ ಸೋಚಿಯಲ್ಲಿ ನಡೆದ ವರ್ಲ್ಡ್ ಚಾಂಪಿಯನ್‌ಶಿಪ್‌ನ ಆರನೇ ಗೇಮಲ್ಲಿ ಆನಂದ್ ಎದುರಾಳಿ ಕಾರ್ಲ್‌ಸನ್ 26ನೇ ನಡೆಗೆ ರಾಜನನ್ನ ಡಿ2ಗೆ ಇಟ್ರು, ದೊಡ್ಡ ತಪ್ಪು. ಆನಂದ್ ಕುದುರೆಯಲ್ಲಿ ಇ5 ಪಾನ್ ಹೊಡೆದಿದ್ರೆ ಗೇಮೇ ತಿರುಗ್ತಿತ್ತು. ಆದ್ರೆ ಆನಂದ್ ತಮ್ಮ ಪ್ಲ್ಯಾನಲ್ಲಿದ್ದ ಪಾನನ್ನ ಎ4ಗೆ ತಳ್ಳಿದ್ರು, ಕೊನೆಗೆ ಗೆದ್ದಿದ್ದು ಕಾರ್ಲ್‌ಸನ್. ಅವ್ರ ಮಟ್ಟದಲ್ಲೇ ಹೀಗಾಗತ್ತೆ ಅಂದ್ರೆ, ನಮ್ಮ ಗೇಮಲ್ಲಿ ಪ್ರತಿ ಸಲ ಇಂಥ ಮೂರ್ನಾಲ್ಕು ಅವಕಾಶ ಹಾಗೇ ಹೋಗಿರತ್ತೆ. ಕಾರಣ ಬಹುತೇಕ ಒಂದೇ, ಎದುರಿನವರು ಆಡಿದ್ದು ನೋಡೋ ಮುಂಚೆನೇ ನಮ್ಮ ಮುಂದಿನ ನಡೆ ತೀರ್ಮಾನ ಆಗಿರತ್ತೆ.

ಸರಿ, ಈಗ ಎಂಜಿನ್. ಸ್ಟಾಕ್‌ಫಿಶ್ ಫ್ರೀ, ಲಿಚೆಸ್ ಥರ ಸೈಟಲ್ಲಿ ಅದು ಒಳಗೇ ಇರತ್ತೆ, ದುಡ್ಡು ಕೊಡೋದು ಬೇಕಿಲ್ಲ. ಅದ್ರ ನಂಬರ್ ಓದೋದು ಸುಲಭ, ಪ್ಲಸ್ ಒಂದು ಅಂದ್ರೆ ಬಿಳಿಗೆ ಸುಮಾರು ಒಂದು ಪಾನಿನಷ್ಟು ಲಾಭ, ಮೈನಸ್ ಒಂದು ಅಂದ್ರೆ ಕಪ್ಪಿಗೆ. ಅಮೆಚೂರ್ ಗೇಮಲ್ಲಿ 0.3, 0.4 ವ್ಯತ್ಯಾಸದ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಗ್ರ್ಯಾಂಡ್‌ಮಾಸ್ಟರ್‌ಗಳ ಕೆಲ್ಸ. ಪ್ಲಸ್ ಎಂಟಿಂದ ಪ್ಲಸ್ ಐದಕ್ಕೆ ಇಳಿದ್ರೂ ಬಿಡಿ, ಎರಡರಲ್ಲೂ ಗೆಲ್ಲೋದೇ. ನೋಡ್ಬೇಕಾಗಿರೋದು ಗೆಲುವಿಂದ ಸಮಕ್ಕೆ, ಸಮದಿಂದ ಸೋಲಿಗೆ ಜಾರಿದ ಜಾಗ, ಒಂದು ಗೇಮಲ್ಲಿ ಅಂಥದ್ದು ಎರಡೋ ಮೂರೋ ಇರತ್ತೆ.

ಅಲ್ಲಿ ನಿಲ್ಲಿಸಿ, ಎಂಜಿನ್ ತೋರ್ಸೋ ಬೆಸ್ಟ್ ನಡೆ ನೋಡೋಕೆ ಹೋಗ್ಬೇಡಿ. ಮೊದ್ಲು ನೀವು ಆಡಿದ ನಡೆಗೆ ಅದು ಏನ್ ಉತ್ತರ ಕೊಡತ್ತೆ ನೋಡಿ, ಅದೇ ನಿಮ್ಮ ಕಣ್ಣಿಗೆ ಬೀಳದೇ ಇದ್ದಿದ್ದು. ಆಮೇಲೆ ನೋಟ್ಸಲ್ಲಿ ಬರ್ದಿದ್ದ ಭಯಗಳನ್ನ ಒಂದೊಂದಾಗಿ ಆಡಿಸಿ ನೋಡಿ, ಆ ರೂಕ್ ಬಂದಿದ್ರೆ ನಿಜವಾಗ್ಲೂ ಕಷ್ಟ ಆಗ್ತಿತ್ತಾ? ಎಷ್ಟೋ ಸಲ ಏನೂ ಆಗ್ತಿರಲಿಲ್ಲ, ಇಲ್ಲದ ಭಯಕ್ಕೆ ಒಳ್ಳೇ ನಡೆ ಬಿಟ್ಟಿರ್ತೀರ, ಇದೂ ತಪ್ಪೇ. ಎಂಜಿನ್ ಹೇಳಿದ ಬೆಸ್ಟ್ ನಡೆ ಅರ್ಥ ಆಗದಿದ್ರೆ ಅದಕ್ಕೆ ವಿರುದ್ಧವಾಗಿ ನಿಮಗೆ ಸಹಜ ಅನ್ಸಿದ ಉತ್ತರ ಆಡಿ, ಅದು ಹೇಗೆ ಸೋಲ್ಸತ್ತೆ ಅಂತ ನೋಡಿ, ಎರಡು ಮೂರು ಸಲ ಹೀಗೆ ಮಾಡಿದ್ರೆ ಕಾರಣ ಹೊಳೆಯತ್ತೆ. ಅಷ್ಟು ಮಾಡಿದ್ರೂ ಹೊಳೀದೇ ಇದ್ರೆ ಬಿಟ್ಟುಬಿಡಿ, ಮನುಷ್ಯರಿಗೆ ಕಾಣದ ನಡೆಗಳೂ ಇರ್ತವೆ, ಅದ್ರಲ್ಲಿ ಸಂಜೆ ಪೂರ್ತಿ ಕಳೆಯೋದು ಬೇಡ. ಲಿಚೆಸಲ್ಲಿ ನಿಮ್ಮ ತಪ್ಪುಗಳನ್ನೇ ಪಜಲ್ ಥರ ಕೊಟ್ಟು ಸರಿ ನಡೆ ಹುಡುಕೋಕೆ ಹೇಳೋ ಬಟನ್ ಕೂಡ ಇದೆ, ಚೆನ್ನಾಗಿದೆ, ಆದ್ರೆ ನಿಮ್ಮ ನೋಟ್ಸ್ ಆದ್ಮೇಲೆ ಅದು.

ಇಷ್ಟಾದ್ಮೇಲೆ ತಪ್ಪು ಯಾವ ಜಾತಿಯದ್ದು ಅಂತ ಗುರುತಿಸ್ಬೇಕು, ಡಾಕ್ಟರ್ ಜ್ವರ ಯಾತಕ್ಕೆ ಬಂತು ಅಂತ ನೋಡ್ದೇ ಮಾತ್ರೆ ಕೊಡಲ್ವಲ್ಲ ಹಾಗೆ. ಎಲ್ಲದಕ್ಕೂ "ಇನ್ನಷ್ಟು ಪಜಲ್ ಮಾಡಿ" ಅನ್ನೋ ಸಲಹೆ ನನಗೆ ಒಪ್ಪಿಗೆ ಇಲ್ಲ.

ಎದುರಿನವರ ಬೆದರಿಕೆ ಕಾಣ್ಲೇ ಇಲ್ಲ ಅನ್ನೋದು ಒಂದು ಜಾತಿ, ಕ್ಲಬ್ ಲೆವೆಲ್‌ಗಿಂತ ಕೆಳಗೆ ಇದೇ ಜಾಸ್ತಿ. ಇದಕ್ಕೆ ಪಜಲ್ ಅಷ್ಟಾಗಿ ಉಪಯೋಗ ಇಲ್ಲ, ಯಾಕಂದ್ರೆ ಪಜಲಲ್ಲಿ ಹೆಚ್ಚಾಗಿ ನೀವು ಹೊಡೆಯೋ ಕಡೆ ಇರ್ತೀರ. ಇದಕ್ಕೆ ಬೇಕಾಗಿರೋದು ಪ್ರತಿ ನಡೆಗೂ ಮುಂಚೆ ಎದುರಿನವರ ಚೆಕ್‌ಗಳು, ಹೊಡೆತಗಳು, ಬೆದರಿಕೆಗಳು, ಈ ಮೂರನ್ನ ಕಣ್ಣಾಡಿಸೋದು. ಬ್ಲಂಡರ್ ಆದ ಹತ್ತು ಪೊಸಿಷನ್ ತೆಗೆದು, ಬೋರ್ಡ್ ತಿರುಗಿಸಿ, ಎದುರಿನವರಾಗಿ ಕೂತು ಆಡಿ ನೋಡಿ. ಬೋರ್ಡ್ ತಿರುಗಿಸೋದು ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ ಮಾಡಿದವ್ರಿಗೆ ಗೊತ್ತು ಎಷ್ಟು ಬೇರೆ ಕಾಣತ್ತೆ ಅಂತ.

ಕಂಡಿತ್ತು, ಲೆಕ್ಕ ತಪ್ಪಾಯ್ತು ಅನ್ನೋದು ಇನ್ನೊಂದು. ಇದ್ರಲ್ಲಿ ಸಾಮಾನ್ಯವಾಗಿ ಆಗೋದು, ಮೂರು ನಡೆ ಎಣಿಸಿ "ಈಗ ಸರಿ ಇದೆ" ಅಂತ ನಿಲ್ಲಿಸೋದು, ನಾಲ್ಕನೇದ್ರಲ್ಲಿ ಒಂದು ಚೆಕ್ ಇರತ್ತೆ. ಅಥವಾ ಮನಸ್ಸಲ್ಲಿ ಆಡಿಸೋವಾಗ ಹೊಡೆದ ಕಾಯಿ ಇನ್ನೂ ಅಲ್ಲೇ ಇದೆ ಅಂದ್ಕೊಳ್ಳೋದು, ಇಲ್ಲಾ ಈಗಷ್ಟೇ ಬಂದು ಕೂತ ಕಾಯಿ ಲೆಕ್ಕಕ್ಕೇ ಬರದೇ ಇರೋದು. 2006ರಲ್ಲಿ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಕಂಪ್ಯೂಟರ್ ವಿರುದ್ಧ ಎರಡನೇ ಗೇಮಲ್ಲಿ ಕ್ರಾಮ್ನಿಕ್, ಆಗ ವರ್ಲ್ಡ್ ಚಾಂಪಿಯನ್, ಒಂದೇ ನಡೆಯ ಮೇಟ್ ನೋಡ್ಲಿಲ್ಲ. ಬಿಳಿ ಕುದುರೆ ಆಗಷ್ಟೇ ಎಫ್8ರಲ್ಲಿ ಹೊಡೆದು ಕೂತಿತ್ತು, ಆ ಕುದುರೆ ಎಚ್7ಗೆ ಸಪೋರ್ಟ್ ಕೊಡ್ತಿತ್ತು, ಕ್ರಾಮ್ನಿಕ್ ಕ್ವೀನನ್ನ ಇ3ಗೆ ಆಡಿದ್ರು, ಕಂಪ್ಯೂಟರ್ ಕ್ವೀನ್ ಎಚ್7, ಮೇಟ್. ಕುದುರೆ ಬೋರ್ಡಿನ ಅಂಚಲ್ಲಿ ಕೂತು ಮೇಟ್‌ಗೆ ಸಹಾಯ ಮಾಡೋ ಚಿತ್ರ ಅಪರೂಪ, ಕಣ್ಣಿಗೆ ಅಭ್ಯಾಸ ಇಲ್ಲ. ಹಾಗಾಗಿ ನಿಮ್ಮ ಗೇಮಲ್ಲಿ ಕಣ್ಣಿಗೆ ಬೀಳದೇ ಹೋದ ಆಕಾರಗಳನ್ನ ಸ್ಕ್ರೀನ್‌ಶಾಟ್ ತೆಗ್ದು ಒಂದು ಫೋಲ್ಡರಲ್ಲಿ ಹಾಕಿ, ಈ ಜಾತಿಗೆ ಪಜಲ್ ನಿಜವಾಗ್ಲೂ ಕೆಲ್ಸ ಮಾಡತ್ತೆ.

ಗೊತ್ತೇ ಇರಲಿಲ್ಲ ಅನ್ನೋದು ಮೂರನೇದು, ಇದು ಎಲ್ಲಕ್ಕಿಂತ ಬೇಗ ವಾಸಿ ಆಗೋದು. ಎಂಡ್‌ಗೇಮಲ್ಲಿ, ಅಂದ್ರೆ ಕಾಯಿ ಕಮ್ಮಿಯಾದ ಕೊನೇ ಹಂತದಲ್ಲಿ, ಇದು ಜಾಸ್ತಿ. 2024ರ ಡಿಸೆಂಬರಲ್ಲಿ ಸಿಂಗಾಪುರದಲ್ಲಿ ಗುಕೇಶ್ ವರ್ಲ್ಡ್ ಚಾಂಪಿಯನ್ ಆದ ಹದಿನಾಲ್ಕನೇ ಗೇಮ್ ತೆಗ್ದು ನೋಡಿ. ಎದುರಾಳಿ ಡಿಂಗ್ 55ನೇ ನಡೆಗೆ ರೂಕನ್ನ ಎಫ್2ಗೆ ಇಟ್ರು. ರೂಕ್ ಎಕ್ಸ್‌ಚೇಂಜ್ ಆಯ್ತು, ತಕ್ಷಣ ಗುಕೇಶ್ ಬಿಷಪನ್ನ ಡಿ5ಗೆ ತಂದ್ರು, ಮೂಲೇಲಿದ್ದ ಬಿಳಿ ಬಿಷಪ್‌ಗೆ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ, ಅದೂ ಎಕ್ಸ್‌ಚೇಂಜ್, ಉಳಿದದ್ದು ರಾಜ ಮತ್ತು ಪಾನ್‌ಗಳು, ಕಪ್ಪಿಗೆ ಒಂದು ಪಾನ್ ಜಾಸ್ತಿ, ಗುಕೇಶ್ ರಾಜ ಇ5ಗೆ ಬಂದು ಎದುರು ನಿಂತಾಗ ಡಿಂಗ್ ಬಿಟ್ಟುಕೊಟ್ರು. ಡಿಂಗ್‌ಗೆ ಪಾನ್ ಎಂಡ್‌ಗೇಮ್ ಗೊತ್ತಿಲ್ಲ ಅಂತಲ್ಲ, ಅದು ಒತ್ತಡದಲ್ಲಿ ಆಗಿದ್ದು. ಆದ್ರೆ ನಮ್ಮ ಗೇಮ್‌ಗಳಲ್ಲಿ ಕೊನೇ ಕಾಯಿ ಎಕ್ಸ್‌ಚೇಂಜ್ ಮಾಡೋವಾಗ ಉಳಿಯೋ ಪಾನ್ ಎಂಡ್‌ಗೇಮ್ ಗೆಲ್ಲತ್ತಾ ಸೋಲತ್ತಾ ಅಂತ ಎಣಿಸೋರು ಅಪರೂಪ, ಎಣಿಸೋಕೆ ಒಪೊಸಿಷನ್ (ಎರಡು ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಲ್ಲೋದು) ಗೊತ್ತಿರ್ಬೇಕು. ಅದು, ಆಮೇಲೆ ರೂಕ್ ಎಂಡ್‌ಗೇಮಲ್ಲಿ ಗೆಲ್ಲೋಕೆ ಲುಸೇನಾ, ಡ್ರಾ ಮಾಡೋಕೆ ಫಿಲಿಡೋರ್ ಅನ್ನೋ ಪೊಸಿಷನ್, ಇಷ್ಟನ್ನ ಒಂದು ವಾರಾಂತ್ಯದಲ್ಲಿ ಕಲೀಬಹುದು.

ಓಪನಿಂಗ್ (ಗೇಮಿನ ಶುರುವಿನ ನಡೆಗಳು) ಬಗ್ಗೆ ಜಾಸ್ತಿ ಹೇಳಲ್ಲ. ನಿಮಗೆ ಗೊತ್ತಿದ್ದ ನಡೆಗಳು ಎಲ್ಲಿ ಮುಗಿದ್ವು, ಅಲ್ಲಿ ಸಾಮಾನ್ಯವಾಗಿ ಏನ್ ಆಡ್ತಾರೆ, ಒಂದೇ ಒಂದು ನಡೆ ಸೇರಿಸ್ಕೊಳ್ಳಿ, ಸಾಕು. ಸೋತಾಗೆಲ್ಲ ಓಪನಿಂಗ್ ಬದಲಾಯಿಸೋದಂತೂ ದಯವಿಟ್ಟು ಮಾಡ್ಬೇಡಿ, ಇಪ್ಪತ್ತೈದನೇ ನಡೆಯಲ್ಲಿ ರೂಕ್ ಕೊಟ್ಟಿದ್ದಕ್ಕೆ ಮೊದಲ ನಡೆ ಏನ್ ತಪ್ಪು ಮಾಡಿತ್ತು.

ಮನಸ್ಸಿನ ಕಾರಣಗಳೂ ಇವೆ, ಇವನ್ನ ಬರೆಯೋಕೆ ಜನ ನಾಚ್ಕೋತಾರೆ. ಒಂದು ಕಾಯಿ ಮುಂದಿದ್ದಾಗ ಇನ್ನೇನು ಗೆದ್ದೆ ಅಂತ ಬೇಗ ಬೇಗ ಆಡಿದ್ದು, ಎದುರಿನವರ ರೇಟಿಂಗ್ ನೋಡಿ ಹೆದರಿ ಸುಮ್ನೆ ಎಕ್ಸ್‌ಚೇಂಜ್ ಮಾಡ್ತಾ ಹೋಗಿದ್ದು, ಒಂದು ತಪ್ಪಾದ ತಕ್ಷಣ ಬೇಜಾರಲ್ಲಿ ಇನ್ನೊಂದು ಮಾಡಿದ್ದು, ಕ್ವೀನ್ ಎಕ್ಸ್ಟ್ರಾ ಇಟ್ಕೊಂಡು ಸ್ಟೇಲ್‌ಮೇಟ್ (ಎದುರಿನವರಿಗೆ ಚೆಕ್ ಇಲ್ದೇ, ಆಡೋಕೆ ನಡೆನೂ ಇಲ್ದೇ ಡ್ರಾ) ಮಾಡಿದ್ದು. ಇಲ್ಲೇ ಆ ಟೈಮ್ ಕಾಲಮ್ ಸಹಾಯಕ್ಕೆ ಬರೋದು. ಗೆಲ್ಲೋ ಪೊಸಿಷನಲ್ಲಿ ನಿಮ್ಮ ನಡೆಗಳೆಲ್ಲ ಐದೈದು ಸೆಕೆಂಡಲ್ಲಿ ಬಿದ್ದಿದ್ರೆ ಉತ್ತರ ಅಲ್ಲೇ ಇದೆ.

ಪ್ರತಿ ಗೇಮಿಂದ ಒಂದೇ ಸಾಲು ಬರ್ದಿಡಿ, ಅದೂ ಬೋರ್ಡ್ ಮುಂದೆ ಕೇಳ್ಕೊಳ್ಳೋಕೆ ಆಗೋ ಪ್ರಶ್ನೆಯಾಗಿ. "ಹುಷಾರಾಗಿ ಆಡ್ಬೇಕು" ಅಂತ ಬರೆದ್ರೆ ಪ್ರಯೋಜನ ಇಲ್ಲ, ಅದು ಯಾವ ನಡೆಗೂ ಅಂಟಲ್ಲ. "ಈ ಕಾಯಿ ಸರಿಸಿದ್ರೆ ಅದು ಕಾಯ್ತಿದ್ದ ಮನೆ ಯಾರು ಕಾಯ್ತಾರೆ?" ಅಂತ ಬರೆದ್ರೆ ಅಂಟತ್ತೆ. ಪಕ್ಕದಲ್ಲಿ ಜಾತಿ ಬರೀರಿ, ಕಾಣ್ಲಿಲ್ಲ, ಲೆಕ್ಕ, ಗೊತ್ತಿಲ್ಲ, ಅವಸರ, ಅಷ್ಟೇ. ಹತ್ತು ಹದಿನೈದು ಗೇಮ್ ಆದ್ಮೇಲೆ ತಿರುಗಿಸಿ ನೋಡಿದ್ರೆ ಒಂದೇ ಜಾತಿ ಪದೇ ಪದೇ ಬಂದಿರತ್ತೆ, ನೀವು ಅಂದ್ಕೊಂಡಿದ್ದು ಬೇರೆನೇ ಆಗಿರತ್ತೆ. ಪ್ರ್ಯಾಕ್ಟೀಸ್ ಟೈಮ್ ಅದಕ್ಕೆ ಕೊಡಿ. ಜೊತೆಗೆ ಆ ಪೊಸಿಷನ್‌ಗಳನ್ನ ಉತ್ತರ ಇಲ್ದೇ ಸೇವ್ ಮಾಡಿ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ ಬಿಡಿಸಿ, ಅದೇ ತಪ್ಪು ನಡೆ ಮತ್ತೆ ಮನಸ್ಸಿಗೆ ಬಂದ್ರೆ ಪಾಠ ಇನ್ನೂ ಒಳಗೆ ಹೋಗಿಲ್ಲ ಅಂತ ಗೊತ್ತಾಗತ್ತೆ.

ಎದುರಿನವರ ಜೊತೆ ಕೂತು ಮಾತಾಡೋ ಅವಕಾಶ ಸಿಕ್ರೆ ಬಿಡ್ಬೇಡಿ. ಎಂಜಿನ್ ಕೊಡದೇ ಇರೋದು ಅವ್ರು ಕೊಡ್ತಾರೆ, "ಇಲ್ಲಿ ನೀವು ಹೀಗೆ ಆಡ್ತೀರ ಅಂತ ನಾನು ಹೆದ್ರಿದ್ದೆ" ಅಂತ ಅವ್ರು ಹೇಳಿದಾಗ ನಿಮಗೆ ಕಾಣ್ದೇ ಇದ್ದ ನಡೆ ಒಂದು ಸಿಗತ್ತೆ. ಗೆದ್ದ ಗೇಮನ್ನೂ ಹೀಗೇ ನೋಡಿ, ಅದ್ರಲ್ಲೂ ತಪ್ಪು ಅಷ್ಟೇ ಇರ್ತವೆ, ಎದುರಿನವರು ಶಿಕ್ಷೆ ಕೊಡ್ಲಿಲ್ಲ ಅಷ್ಟೇ. ಸೋವಿಯತ್ ವರ್ಲ್ಡ್ ಚಾಂಪಿಯನ್ ಬಾಟ್ವಿನಿಕ್ 1957ರಲ್ಲಿ ಸ್ಮಿಸ್ಲೊವ್‌ಗೆ ಸೋತು 1958ರಲ್ಲಿ ಟೈಟಲ್ ವಾಪಸ್ ಗೆದ್ರು, 1960ರಲ್ಲಿ ತಾಲ್‌ಗೆ ಸೋತು 1961ರಲ್ಲಿ ಮತ್ತೆ ವಾಪಸ್ ಗೆದ್ರು, ತಾಲ್‌ಗಿಂತ ಇಪ್ಪತ್ತೈದು ವರ್ಷ ದೊಡ್ಡವರು ಅವ್ರು. ತಮ್ಮ ಗೇಮ್‌ಗಳನ್ನ ತಾವೇ ಕಟುವಾಗಿ ಅನಾಲಿಸಿಸ್ ಮಾಡ್ಬೇಕು, ಬೇರೆಯವರು ಟೀಕೆ ಮಾಡೋ ಹಾಗೆ ಅದನ್ನ ಪ್ರಕಟಿಸ್ಬೇಕು ಅನ್ನೋದು ಅವ್ರು ಜೀವನಪೂರ್ತಿ ಹೇಳ್ತಿದ್ದ ಮಾತು. ನೀವೂ ನಿಮ್ಮ ಅನಾಲಿಸಿಸ್ ನಿಮಗಿಂತ ಚೆನ್ನಾಗಿ ಆಡೋ ಒಬ್ರಿಗೆ ತೋರ್ಸಿ, ಎಂಜಿನ್ ಲೈನ್ ಅಲ್ಲ, ನಿಮ್ಮ ಮಾತಲ್ಲಿ ಬರ್ದಿದ್ದು.

ಮುಂದಿನ ಗೇಮ್ ಶುರು ಮಾಡೋಕೆ ಮುಂಚೆ ಪಟ್ಟಿಯಿಂದ ಒಂದೇ ಒಂದು ಪ್ರಶ್ನೆ ಆರಿಸಿ, ಓದಿ, ನೋಟ್‌ಬುಕ್ ಮುಚ್ಚಿಡಿ, ಟೂರ್ನಮೆಂಟಲ್ಲಿ ಆಡೋವಾಗ ನೋಟ್ಸ್ ನೋಡೋ ಹಾಗಿಲ್ಲ. ಐದು ಪ್ರಶ್ನೆ ಒಟ್ಟಿಗೆ ತಲೇಲಿಟ್ಕೊಂಡು ಹೋದ್ರೆ ಒಂದೂ ನೆನಪಾಗಲ್ಲ, ಟೈಮೂ ಹೋಗತ್ತೆ. ಗೇಮ್ ಮುಗಿದ್ಮೇಲೆ ಗೆಲುವು ಸೋಲು ಪಕ್ಕಕ್ಕಿಟ್ಟು, ಆ ಪ್ರಶ್ನೆ ಎಷ್ಟು ಸಲ ಕೇಳ್ಕೊಂಡ್ರಿ, ಯಾವ ನಡೆಯಿಂದ ಮರೆತುಹೋಯ್ತು ಅಂತ ಬರೀರಿ. ಶುರುವಲ್ಲಿ ಹತ್ತನೇ ನಡೆಗೇ ಮರೆತಿರತ್ತೆ, ಆಮೇಲಾಮೇಲೆ ಇಪ್ಪತ್ತು, ಮೂವತ್ತರವರೆಗೂ ಉಳಿಯತ್ತೆ. ನೆನಪು ಮಾಡ್ಕೊಳ್ದೇ ತಾನಾಗೇ ಬರೋಕೆ ಶುರುವಾದಾಗ ಅದನ್ನ ಪಟ್ಟಿಯಿಂದ ಹೊಡೆದುಹಾಕಿ, ಕೆಳಗಿನದನ್ನ ತಗೊಳ್ಳಿ.